ದಂತಕಥೆಯು ವಾಲೇಸನಿಂದ ಕಿತ್ತುಕೊಂಡದ್ದು

1297ರ ಅಕ್ಟೋಬರ್ 11ರಂದು, ಎಡಿನ್‌ಬರೋಗೆ ಪೂರ್ವದಲ್ಲಿರುವ ಹ್ಯಾಡಿಂಗ್ಟನ್ ಎಂಬ ಊರಿನಲ್ಲಿ, ಉತ್ತರ ಸಮುದ್ರದಾಚೆಯ ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ನಗರಗಳ ಆಡಳಿತಗಾರರನ್ನು ಉದ್ದೇಶಿಸಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪತ್ರ ಸಿದ್ಧವಾಯಿತು. ಸ್ಟರ್ಲಿಂಗ್ ಸೇತುವೆಯ ಬಳಿ ಇಂಗ್ಲೆಂಡಿನ ಸೈನ್ಯ ಸೋತು ಆಗ ಸರಿಯಾಗಿ ಒಂದು ತಿಂಗಳಾಗಿತ್ತು. ದೇವರ ದಯೆಯಿಂದ ಸ್ಕಾಟ್ಲೆಂಡ್ ರಾಜ್ಯವು ಯುದ್ಧದ ಮೂಲಕ ಇಂಗ್ಲಿಷರ ಹಿಡಿತದಿಂದ ಬಿಡುಗಡೆ ಹೊಂದಿದೆ, ಆದ್ದರಿಂದ ನಿಮ್ಮ ವ್ಯಾಪಾರಿಗಳು ತಮ್ಮ ಸರಕಿನೊಂದಿಗೆ ನಮ್ಮ ಎಲ್ಲ ಬಂದರುಗಳಿಗೂ ನಿರಾತಂಕವಾಗಿ ಬರಬಹುದು ಎಂಬುದು ಅದರ ತಿರುಳು. ಇಬ್ಬರು ವ್ಯಾಪಾರಿಗಳ ಹೆಸರು ಹೇಳಿ, ಅವರ ಕೆಲಸಕ್ಕೆ ನೆರವಾಗಬೇಕೆಂಬ ಕೋರಿಕೆಯೂ ಅದರಲ್ಲಿದೆ. ಪತ್ರ ಬರೆಸಿದವರು ಇಂಗ್ಲಿಷರ ವಿರುದ್ಧ ಎದ್ದ ಸ್ಕಾಟರ ಇಬ್ಬರು ನಾಯಕರು, ಆಂಡ್ರ್ಯೂ ಮರೇ ಮತ್ತು ವಿಲಿಯಂ ವಾಲೇಸ್. ಮರೇಯ ಹೆಸರು ಮೊದಲು ಬರುತ್ತದೆ.

ವಾಲೇಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು, ನೆರಿಗೆಯ ಲಂಗದಂಥ ಉಡುಪು ತೊಟ್ಟು, ಕೊನೆಯ ಉಸಿರಿನಲ್ಲಿಯೂ ಸ್ವಾತಂತ್ರ್ಯವೆಂದು ಕೂಗುವ ಮನುಷ್ಯ. ಐದು ಆಸ್ಕರ್ ಪ್ರಶಸ್ತಿಗಳನ್ನು ಗೆದ್ದ 1995ರ ‘ಬ್ರೇವ್‌ಹಾರ್ಟ್’ ಚಿತ್ರ ಆ ರೂಪವನ್ನು ಜಗತ್ತಿನಾದ್ಯಂತ ಹರಡಿತು. ಚಿತ್ರದ ತಪ್ಪುಗಳನ್ನು ಪಟ್ಟಿ ಮಾಡುವುದು ಸುಲಭ, ಅದನ್ನು ಅನೇಕರು ಮಾಡಿದ್ದಾರೆ. ಆ ಬಗೆಯ ಉಡುಪು ಸ್ಕಾಟ್ಲೆಂಡಿನಲ್ಲಿ ಕಾಣಿಸಿಕೊಂಡದ್ದು ಸುಮಾರು 300 ವರ್ಷಗಳ ನಂತರ. ವಾಲೇಸನನ್ನು ಪ್ರೀತಿಸಿದಳೆಂದು ಚಿತ್ರ ತೋರಿಸುವ ಫ್ರಾನ್ಸಿನ ರಾಜಕುಮಾರಿ ಇಸಬೆಲ್ಲಾ, ಆತ ಸತ್ತಾಗ ಫ್ರಾನ್ಸಿನಲ್ಲಿದ್ದ ಹತ್ತು ವರ್ಷದ ಆಸುಪಾಸಿನ ಬಾಲಕಿ. ಆಕೆ ಇಂಗ್ಲೆಂಡಿನ ಎರಡನೇ ಎಡ್ವರ್ಡ್‌ನನ್ನು ಮದುವೆಯಾದದ್ದು 1308ರಲ್ಲಿ. ವಾಲೇಸನ ಶತ್ರುವಾದ ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡ್ ಸತ್ತದ್ದು ವಾಲೇಸನ ಮರಣದಂಡನೆಯ ಹೊತ್ತಿಗಲ್ಲ, ಅದಾಗಿ ಸುಮಾರು ಎರಡು ವರ್ಷಗಳಾದ ಮೇಲೆ, 1307ರ ಜುಲೈನಲ್ಲಿ.

ಇಂಥ ತಪ್ಪುಗಳು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ದಂತಕಥೆಯು ಇತಿಹಾಸದ ಮನುಷ್ಯನಿಗೆ ಏನೇನನ್ನು ಸೇರಿಸಿತು ಎಂದು ಲೆಕ್ಕ ಹಾಕುವವರು, ಅದು ಆತನಿಂದ ಏನೇನನ್ನು ಕಿತ್ತುಕೊಂಡಿತು ಎಂಬುದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ವಾಲೇಸನ ವಿಷಯದಲ್ಲಿ ಸೇರಿಸಿದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು ನಷ್ಟ ಮಾಡಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಂತಕಥೆಯ ಬೇರು ಆ ಚಿತ್ರದಲ್ಲಿಲ್ಲ. ಅದು 1470ರ ದಶಕದಲ್ಲಿ ರಚನೆಯಾದ, ಸುಮಾರು 12,000 ಸಾಲುಗಳ ಸ್ಕಾಟ್ಸ್ ಭಾಷೆಯ ಒಂದು ಕಥನಕಾವ್ಯದಲ್ಲಿದೆ. ಅದನ್ನು ಕಟ್ಟಿದವನು ಬ್ಲೈಂಡ್ ಹ್ಯಾರಿ, ಅಂದರೆ ಕುರುಡ ಹ್ಯಾರಿ ಎಂದೇ ಹೆಸರಾದ ಕವಿ. ನಾಲ್ಕನೇ ಜೇಮ್ಸ್ ದೊರೆಯ ಆಸ್ಥಾನದ ಲೆಕ್ಕಪತ್ರಗಳಲ್ಲಿ ಆತನಿಗೆ ಹಣ ಸಂದಾಯವಾದ ದಾಖಲೆಗಳಿವೆ. ಹ್ಯಾರಿ ಬರೆಯುವ ವೇಳೆಗೆ ವಾಲೇಸ್ ಸತ್ತು 170 ವರ್ಷಗಳಾಗಿದ್ದವು. ವಾಲೇಸನ ಜೊತೆಗಿದ್ದ ಜಾನ್ ಬ್ಲೇರ್ ಎಂಬ ಪಾದ್ರಿ ಬರೆದಿಟ್ಟ ಲ್ಯಾಟಿನ್ ಗ್ರಂಥವನ್ನು ತಾನು ಆಧರಿಸಿದ್ದೇನೆಂದು ಕವಿ ಹೇಳಿಕೊಂಡರೂ ಅಂಥ ಗ್ರಂಥ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ನಡೆಯದೇ ಇದ್ದ ಯುದ್ಧಗಳನ್ನು ಆತ ನಡೆಸಿದ, ಬೇರೆಯವರ ಸಾಹಸಗಳನ್ನು ತಂದು ತನ್ನ ನಾಯಕನಿಗೆ ಜೋಡಿಸಿದ. ಇಂಗ್ಲೆಂಡಿನ ರಾಣಿಯೇ ವಾಲೇಸನ ಬಿಡಾರಕ್ಕೆ ಬಂದು ಶಾಂತಿಗಾಗಿ ಬೇಡಿಕೊಳ್ಳುವ ಪ್ರಸಂಗವೊಂದು ಆ ಕಾವ್ಯದಲ್ಲಿದೆ. ಎಡ್ವರ್ಡ್‌ನ ಮೊದಲ ರಾಣಿ ಎಲಿನಾರ್ 1290ರಲ್ಲಿಯೇ ತೀರಿಕೊಂಡಿದ್ದಳು, ಎರಡನೆಯವಳಾದ ಮಾರ್ಗರೆಟ್ ಆತನನ್ನು ಮದುವೆಯಾದದ್ದು 1299ರ ಸೆಪ್ಟೆಂಬರಿನಲ್ಲಿ. ವಾಲೇಸ್ ಸೇನಾನಾಯಕನಾಗಿದ್ದ ಅವಧಿಯಲ್ಲಿ ಇಂಗ್ಲೆಂಡಿಗೆ ರಾಣಿಯೇ ಇರಲಿಲ್ಲ. ಆದರೂ ಆ ಪ್ರಸಂಗ ಐದು ಶತಮಾನಗಳ ಕಾಲ ಬಾಳಿ, ಕೊನೆಗೆ ರಾಜಕುಮಾರಿಯ ಪ್ರೇಮಪ್ರಸಂಗವಾಗಿ ತೆರೆಯ ಮೇಲೆ ಬಂತು.

ಹ್ಯಾರಿಯನ್ನು ಸುಳ್ಳುಗಾರನೆಂದು ತಳ್ಳಿಹಾಕುವುದು ನನ್ನಿಂದಾಗದು. ಊರೂರು ತಿರುಗಿ ವೀರರ ಲಾವಣಿ ಹಾಡಿದವರ ಪರಂಪರೆ ನಮಗೂ ಹೊಸದಲ್ಲವಾದ್ದರಿಂದ, ಕೇಳುಗರು ಕಾತರಿಸುವ ಕಡೆ ಕಥೆಯನ್ನು ಹಿಗ್ಗಿಸುವುದು ಆ ಕಲೆಯ ಧರ್ಮವೇ ಎಂದು ನಾವು ಬಲ್ಲೆವು. 1722ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಆ ಕಾವ್ಯವನ್ನು ತನ್ನ ಕಾಲದ ಭಾಷೆಗೆ ತಂದ. ಅದನ್ನು ಓದಿದ ಬಾಲಕರಲ್ಲಿ ಒಬ್ಬನಾದ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್, ವಾಲೇಸನ ಕಥೆ ತನ್ನ ನರನಾಡಿಗಳಲ್ಲಿ ಸ್ಕಾಟ್ಲೆಂಡಿನ ಅಭಿಮಾನವನ್ನು ತುಂಬಿತೆಂದು ಮುಂದೆ ಪತ್ರವೊಂದರಲ್ಲಿ ಬರೆದ. ಹೀಗೆ ಒಂದು ಜನಾಂಗದ ಆತ್ಮಗೌರವವನ್ನು ಹೊತ್ತು ತಂದ ಕೃತಿಯ ಬಗ್ಗೆ ಗೌರವವಿಟ್ಟುಕೊಂಡೇ ಅದರಾಚೆಗೆ ನೋಡಬೇಕಾಗಿದೆ.

ಆಚೆಗೆ ನೋಡಿದಾಗ ಮೊದಲು ಕಾಣುವುದು ಒಂದು ರಾಜಕೀಯ ಬಿಕ್ಕಟ್ಟು. 1286ರ ಮಾರ್ಚ್ 19ರ ರಾತ್ರಿ ಸ್ಕಾಟ್ಲೆಂಡಿನ ದೊರೆ ಮೂರನೇ ಅಲೆಕ್ಸಾಂಡರ್ ಕಿಂಗ್‌ಹಾರ್ನ್ ಬಳಿ ಕುದುರೆಯಿಂದ ಬಿದ್ದು ಸತ್ತ. ಆತನ ಮಕ್ಕಳೆಲ್ಲ ಮೊದಲೇ ತೀರಿಹೋಗಿದ್ದರು. ಉಳಿದಿದ್ದ ಒಬ್ಬಳೇ ವಾರಸುದಾರಳು, ನಾರ್ವೆಯಲ್ಲಿದ್ದ ಮೊಮ್ಮಗಳು ಮಾರ್ಗರೆಟ್, 1290ರಲ್ಲಿ ಸ್ಕಾಟ್ಲೆಂಡಿಗೆ ಬರುವ ದಾರಿಯಲ್ಲಿ ಆರ್ಕ್ನಿ ದ್ವೀಪಗಳಲ್ಲಿ ಅಸುನೀಗಿದಳು. ಸಿಂಹಾಸನಕ್ಕೆ ಹಕ್ಕು ಹೇಳಿಕೊಂಡು ಹಲವರು ಮುಂದೆ ಬಂದಾಗ ತೀರ್ಪುಗಾರನಾಗಲು ಒಪ್ಪಿದ ಇಂಗ್ಲೆಂಡಿನ ಮೊದಲನೇ ಎಡ್ವರ್ಡ್, ಅದಕ್ಕೆ ಪ್ರತಿಯಾಗಿ ತನ್ನನ್ನು ಸ್ಕಾಟ್ಲೆಂಡಿನ ಸಾರ್ವಭೌಮನೆಂದು ಎಲ್ಲರಿಂದಲೂ ಒಪ್ಪಿಸಿಕೊಂಡ. 1292ರ ನವೆಂಬರಿನಲ್ಲಿ ಜಾನ್ ಬೇಲಿಯಲ್ ದೊರೆಯಾದ. ಎಡ್ವರ್ಡ್ ಆತನನ್ನು ಸಾಮಂತನಂತೆ ನಡೆಸಿಕೊಂಡದ್ದರಿಂದ ಕೆರಳಿದ ಸ್ಕಾಟರು 1295ರಲ್ಲಿ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡರು. ಮರುವರ್ಷ ಎಡ್ವರ್ಡ್ ದಂಡೆತ್ತಿ ಬಂದು ಬೆರಿಕ್ ಪಟ್ಟಣದ ಜನರನ್ನು ಕೊಲ್ಲಿಸಿದ, ಡನ್‌ಬಾರ್‌ನಲ್ಲಿ ಸ್ಕಾಟರ ಸೈನ್ಯವನ್ನು ಮುರಿದ, ಜಾನ್ ದೊರೆಯ ಪದವಿಯನ್ನು ಕಿತ್ತುಹಾಕಿದ, ಸ್ಕೋನ್‌ನಲ್ಲಿದ್ದ ಪಟ್ಟಾಭಿಷೇಕದ ಕಲ್ಲನ್ನು ವೆಸ್ಟ್‌ಮಿನ್‌ಸ್ಟರ್‌ಗೆ ಸಾಗಿಸಿದ.

ಈ ಹಿನ್ನೆಲೆಯಲ್ಲಿ ವಾಲೇಸ್ 1297ರ ಮೇ ತಿಂಗಳಿನಲ್ಲಿ, ಬಹುಮಟ್ಟಿಗೆ ಎಲ್ಲಿಂದಲೋ ಎದ್ದು ಬಂದವನಂತೆ, ಇತಿಹಾಸದೊಳಕ್ಕೆ ಕಾಲಿಡುತ್ತಾನೆ. ಆತನ ತಂದೆಯ ಹೆಸರು ಮ್ಯಾಲ್ಕಮ್ ಎಂದು ಹ್ಯಾರಿ ಹಾಡಿದ್ದನ್ನೇ ಎಲ್ಲರೂ ನಂಬಿದ್ದರು. ಆದರೆ ಲ್ಯೂಬೆಕ್‌ನ ಪತ್ರಕ್ಕೆ ಒತ್ತಿದ ವಾಲೇಸನ ಸ್ವಂತ ಮುದ್ರೆಯಲ್ಲಿ ‘ಅಲನ್ ವಾಲೇಸನ ಮಗ ವಿಲಿಯಂ’ ಎಂದಿದೆ. ಮುದ್ರೆಯ ಮೇಲೆ ಬಿಲ್ಲುಬಾಣದ ಚಿತ್ರವಿರುವುದರಿಂದ, ದೊಡ್ಡ ಕತ್ತಿಯ ವೀರನೆಂದು ನಾವು ಕಲ್ಪಿಸಿಕೊಂಡ ಮನುಷ್ಯ ಬಿಲ್ಲುಗಾರಿಕೆಯ ಹಿನ್ನೆಲೆಯವನಾಗಿರಬಹುದೆಂದು ಇತಿಹಾಸಕಾರರು ಊಹಿಸುತ್ತಾರೆ. 1296ರಲ್ಲಿ ಎಡ್ವರ್ಡ್‌ಗೆ ನಿಷ್ಠೆ ಒಪ್ಪಿಸಿದವರ ಪಟ್ಟಿಯಲ್ಲಿ ಏರ್‌ಶೈರ್ ಸೀಮೆಯ ಅಲನ್ ವಾಲೇಸ್ ಎಂಬೊಬ್ಬ ಹಿಡುವಳಿದಾರನ ಹೆಸರಿದ್ದು, ಆತನೇ ವಿಲಿಯಂನ ತಂದೆಯಿರಬಹುದೆಂಬ ವಾದವೂ ಇದೆ. ಹೆತ್ತವನ ಹೆಸರನ್ನೇ ದಂತಕಥೆ ಅಳಿಸಿಹಾಕಿತ್ತು, ಪುಟ್ಟ ಮುದ್ರೆಯೊಂದು ಅದನ್ನು ಮರಳಿ ಕೊಟ್ಟಿತು.

ಮೇ ತಿಂಗಳಿನ ಘಟನೆಯೆಂದರೆ ಲ್ಯಾನಾರ್ಕ್‌ನ ಇಂಗ್ಲಿಷ್ ಷೆರೀಫನಾಗಿದ್ದ ವಿಲಿಯಂ ಹೆಸೆಲ್‌ರಿಗ್‌ನ ಕೊಲೆ. ಷೆರೀಫನು ವಾಲೇಸನ ಹೆಂಡತಿಯನ್ನು ಕೊಂದದ್ದಕ್ಕೆ ಸೇಡು ತೀರಿಸಿಕೊಂಡನೆಂಬುದು ಜನಪ್ರಿಯ ಕಥೆ. ಮರಿಯನ್ ಬ್ರೇಡ್‌ಫುಟ್ ಎಂಬ ಆ ಹೆಂಡತಿಯ ಸುಳಿವು ಸಮಕಾಲೀನ ದಾಖಲೆಗಳಲ್ಲಿ ಎಲ್ಲಿಯೂ ಇಲ್ಲ, ಆಕೆ ಹ್ಯಾರಿಯ ಕಾವ್ಯದ ಪರಂಪರೆಯಿಂದ ಬಂದವಳು. ಇಲ್ಲಿ ದಂತಕಥೆ ಒಬ್ಬ ಹೆಂಡತಿಯನ್ನು ಕೊಟ್ಟಿತೆಂದು ಹೇಳಿ ಮುಂದೆ ಹೋಗುವಂತಿಲ್ಲ. ಸೇಡಿನ ಕಥೆಯು ವಾಲೇಸನ ಬಂಡಾಯವನ್ನು ಮನೆಯೊಳಗಿನ ಸಂಕಟವಾಗಿ ಕುಗ್ಗಿಸುತ್ತದೆ. ಷೆರೀಫನೆಂದರೆ ತೆರಿಗೆ ಎತ್ತುವವನು, ನ್ಯಾಯ ನಡೆಸುವವನು, ಆಕ್ರಮಣದ ಸರ್ಕಾರವೇ ಮನುಷ್ಯರೂಪ ತಾಳಿದಂತೆ ಆ ಸೀಮೆಯಲ್ಲಿ ಕುಳಿತವನು. ಆ ವರ್ಷ ಬಂಡಾಯ ಲ್ಯಾನಾರ್ಕ್ ಒಂದರಲ್ಲಿಯೇ ಎದ್ದದ್ದೂ ಅಲ್ಲ. ಗ್ಲಾಸ್ಗೋದ ಬಿಷಪ್ ರಾಬರ್ಟ್ ವಿಷರ್ಟ್ ಮೊದಲಾದ ಹಿರಿಯರು ನೈಋತ್ಯದಲ್ಲಿ ಎದ್ದಿದ್ದರು, ಜುಲೈನಲ್ಲಿ ಅರ್ವಿನ್ ಬಳಿ ಅವರು ಶರಣಾದ ಮೇಲೂ ವಾಲೇಸ್ ನಿಲ್ಲಲಿಲ್ಲ.

ಉತ್ತರದಲ್ಲಿ ಎದ್ದವನು ಆಂಡ್ರ್ಯೂ ಮರೇ. ದಂತಕಥೆ ಮಾಡಿದ ಅತಿ ದೊಡ್ಡ ಅನ್ಯಾಯ ಈತನಿಗೆ ಸಂಬಂಧಿಸಿದ್ದು. ದೊಡ್ಡ ಮನೆತನದಲ್ಲಿ ಹುಟ್ಟಿದ ಮರೇ ಡನ್‌ಬಾರ್‌ನಲ್ಲಿ ಸೆರೆಸಿಕ್ಕು, ಇಂಗ್ಲೆಂಡಿನ ಚೆಸ್ಟರ್ ಕೋಟೆಯಲ್ಲಿ ಬಂಧಿಯಾಗಿ, ಅಲ್ಲಿಂದ ತಪ್ಪಿಸಿಕೊಂಡು ಬಂದು, 1297ರ ಬೇಸಿಗೆಯಲ್ಲಿ ಉತ್ತರ ಸ್ಕಾಟ್ಲೆಂಡಿನ ಕೋಟೆಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ವಾಲೇಸನ ಸಾಧನೆಗೆ ಅದು ಯಾವ ರೀತಿಯಿಂದಲೂ ಕಡಿಮೆಯದಲ್ಲ. ಎರಡೂ ಪಡೆಗಳು ಕೂಡಿ ಸೆಪ್ಟೆಂಬರ್ 11ರಂದು ಸ್ಟರ್ಲಿಂಗ್‌ನಲ್ಲಿ ಇಂಗ್ಲೆಂಡಿನ ಸೇನಾಪತಿಯಾಗಿದ್ದ ಸರ್ರೆಯ ಅರ್ಲ್ (ಸೀಮೆಯೊಡೆಯ) ಜಾನ್ ಡಿ ವಾರೆನ್‌ನ ಸೈನ್ಯವನ್ನು ಎದುರಿಸಿದವು.

ಆ ಯುದ್ಧದ ಕುರಿತು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಅದರ ಜಾಣ್ಮೆಯೆಲ್ಲ ನೆಲದಲ್ಲಿದೆ, ಹೊಳೆಯಲ್ಲಿದೆ, ಕಾಯುವ ತಾಳ್ಮೆಯಲ್ಲಿದೆ. ಫೋರ್ತ್ ನದಿ ಸ್ಟರ್ಲಿಂಗ್‌ನಲ್ಲಿ ಹಾವಿನಂತೆ ಸುತ್ತಿ ಹರಿಯುತ್ತದೆ. ಅದರ ಮೇಲಿದ್ದ ಮರದ ಸೇತುವೆ ಎಷ್ಟು ಕಿರಿದಾಗಿತ್ತೆಂದರೆ ಒಮ್ಮೆಗೆ ಇಬ್ಬರು ಕುದುರೆ ಸವಾರರು ಮಾತ್ರ ಅಕ್ಕಪಕ್ಕ ಹೋಗಬಹುದಿತ್ತು. ಸ್ಕಾಟರು ಉತ್ತರ ದಡದಾಚೆ ಆ್ಯಬಿ ಕ್ರೇಗ್ ಎಂಬ ಬಂಡೆಗುಡ್ಡದ ಆಸರೆಯಲ್ಲಿದ್ದರು. ಸಂಧಾನಕ್ಕೆ ಬಂದ ಇಬ್ಬರು ಡೊಮಿನಿಕನ್ ಸನ್ಯಾಸಿಗಳಿಗೆ ವಾಲೇಸ್, ತಾವು ಶಾಂತಿ ಕೇಳಲು ಬಂದವರಲ್ಲ, ರಾಜ್ಯವನ್ನು ಬಿಡಿಸಿಕೊಳ್ಳಲು ಯುದ್ಧಕ್ಕೆ ಸಿದ್ಧರಾಗಿ ನಿಂತವರು ಎಂಬರ್ಥದ ಉತ್ತರ ಕೊಟ್ಟನೆಂದು ಇಂಗ್ಲೆಂಡಿನ ಬಖೈರುಕಾರ ಗಿಸ್‌ಬರೋದ ವಾಲ್ಟರ್ ದಾಖಲಿಸಿದ್ದಾನೆ. ಸಮೀಪದಲ್ಲಿಯೇ ಹಾಯಗಡವೊಂದಿದೆ, ಅಲ್ಲಿಂದ ಒಮ್ಮೆಗೆ ಅರವತ್ತು ಮಂದಿ ದಾಟಬಹುದು ಎಂದು ರಿಚರ್ಡ್ ಲಂಡೀ ಎಂಬ ಯೋಧ ಅರ್ಲ್‌ಗೆ ಸಲಹೆ ಮಾಡಿದ. ಖಜಾಂಚಿ ಹ್ಯೂ ಕ್ರೆಸಿಂಗ್‌ಹ್ಯಾಮ್, ದೊರೆಯ ಹಣವನ್ನು ವೃಥಾ ಪೋಲು ಮಾಡಬಾರದೆಂದು ಅವಸರಪಡಿಸಿದ. ಸೈನ್ಯ ಸೇತುವೆಯ ಮೇಲೆಯೇ ನಡೆಯಿತು. ಎಷ್ಟು ಜನರನ್ನು ಸೋಲಿಸಬಹುದೋ ಅಷ್ಟು ಜನ ದಾಟುವವರೆಗೆ ಸುಮ್ಮನಿದ್ದ ಸ್ಕಾಟರು, ಅನಂತರ ಮೇಲಿನಿಂದ ಧಾವಿಸಿ ಸೇತುವೆಯ ತುದಿಯನ್ನು ಹಿಡಿದು, ದಾಟಿದವರನ್ನು ನದಿಯ ಕುಣಿಕೆಯೊಳಗೆ ಸಿಕ್ಕಿಸಿದರು. ಈಚೆ ದಡದಲ್ಲಿದ್ದವರು ನೋಡುತ್ತ ನಿಲ್ಲುವುದನ್ನು ಬಿಟ್ಟು ಬೇರೇನೂ ಮಾಡಲಾರದೆ ಹೋದರು.

ಚಿತ್ರದ ಸ್ಟರ್ಲಿಂಗ್ ಯುದ್ಧದಲ್ಲಿ ಸೇತುವೆಯೂ ಇಲ್ಲ, ನದಿಯೂ ಇಲ್ಲ, ಮರೇಯೂ ಇಲ್ಲ. ಬಯಲಿನಲ್ಲಿ ಭಾಷಣ ಮಾಡಿ ಗೆಲ್ಲುವ ಒಬ್ಬ ನಾಯಕ ಮಾತ್ರ ಇದ್ದಾನೆ. ನೈಜವಾದ ಗೆಲುವಿಗೆ ಬೇಕಾದ ಲೆಕ್ಕಾಚಾರ, ಇಬ್ಬರು ನಾಯಕರ ನಡುವಿನ ಹೊಂದಾಣಿಕೆ, ಪದಾತಿಗಳ ಶಿಸ್ತು ಇವೆಲ್ಲವೂ ಹೊರಟುಹೋದವು. ಯುದ್ಧದಲ್ಲಿ ಗಾಯಗೊಂಡನೆಂದು ನಂಬಲಾದ ಮರೇ ಆ ವರ್ಷದ ಕೊನೆಯೊಳಗೇ ಸತ್ತ. ಸತ್ತವನಿಗೆ ಕಾವ್ಯ ಕಟ್ಟುವವರು ಸಿಗಲಿಲ್ಲ. ಆ್ಯಬಿ ಕ್ರೇಗ್‌ನ ತಲೆಯ ಮೇಲೆ 1869ರಲ್ಲಿ ಉದ್ಘಾಟನೆಯಾದ 67 ಮೀಟರ್ ಎತ್ತರದ ಗೋಪುರ ಇಂದಿಗೂ ವಾಲೇಸ್ ಸ್ಮಾರಕವೆಂದೇ ಕರೆಸಿಕೊಳ್ಳುತ್ತದೆ. ಆತನದೆಂದು ಅಲ್ಲಿ ತೋರಿಸುವ ಭಾರಿ ಕತ್ತಿ ಈಗಿನ ರೂಪದಲ್ಲಿ ಆತನ ಕಾಲದ್ದಲ್ಲವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಒಂದು ದಿನದ ಗೆಲುವಿಗೆ ಇಬ್ಬರು ಒಡೆಯರಿದ್ದರು ಎಂಬುದನ್ನು ಬಲ್ಲವನಿಗೆ ಆ ಗೋಪುರದ ಹೆಸರು ಅರ್ಧವಾಗಿಯೇ ಕೇಳಿಸಬೇಕು.

ದಂತಕಥೆ ಮರೆಸಿದವುಗಳಲ್ಲಿ ಹಿತವಲ್ಲದವೂ ಇವೆ. ಸ್ಟರ್ಲಿಂಗ್ ಯುದ್ಧದಲ್ಲಿ ಸತ್ತ ಖಜಾಂಚಿ ಕ್ರೆಸಿಂಗ್‌ಹ್ಯಾಮ್‌ನ ಶವದ ಚರ್ಮ ಸುಲಿದು, ಅದರ ಒಂದು ಪಟ್ಟಿಯಿಂದ ವಾಲೇಸ್ ತನ್ನ ಕತ್ತಿಗೆ ಪಟ್ಟಿ ಮಾಡಿಸಿಕೊಂಡನೆಂದು ಲಾನರ್‌ಕಾಸ್ಟ್‌ನ ಬಖೈರು ಹೇಳುತ್ತದೆ. ಅದು ಶತ್ರುಪಕ್ಷದ ಬರಹವೆಂಬುದು ನೆನಪಿರಲಿ, ಆದರೆ ಚರ್ಮ ಸುಲಿದ ಸಂಗತಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಆ ಶರತ್ಕಾಲದಲ್ಲಿ ಸ್ಕಾಟರ ಪಡೆ ಇಂಗ್ಲೆಂಡಿನ ನಾರ್ತಂಬರ್‌ಲೆಂಡ್ ಸೀಮೆಗೆ ನುಗ್ಗಿ ಹಳ್ಳಿಗಳನ್ನು ಸುಟ್ಟಿತು, ದವಸ ದನಕರುಗಳನ್ನು ಹೊಡೆದುಕೊಂಡು ಹೋಯಿತು. ಅಲ್ಲಿನ ರೈತರು ಎಡ್ವರ್ಡ್‌ನ ಅಪರಾಧಕ್ಕೆ ಹೊಣೆಗಾರರಾಗಿರಲಿಲ್ಲ. ಅದೇ ದಾಳಿಯ ನಡುವೆ ನವೆಂಬರ್ 7ರಂದು ಹೆಕ್ಸಮ್‌ನ ಮಠಕ್ಕೆ ಮರೇ ಮತ್ತು ವಾಲೇಸರ ಹೆಸರಿನಲ್ಲಿ ರಕ್ಷಣೆಯ ಪತ್ರವೊಂದು ಸಿಕ್ಕಿತು. ಪೂಜೆಯ ಪಾತ್ರೆಯನ್ನು ತನ್ನ ಸೈನಿಕರೇ ಕದ್ದಾಗ ವಾಲೇಸ್ ಕೋಪಗೊಂಡು, ತನ್ನ ಬಳಿಯೇ ಇದ್ದರೆ ಮಾತ್ರ ನಿಮಗೆ ಕ್ಷೇಮ ಎಂದು ಅಲ್ಲಿನ ಪಾದ್ರಿಗಳಿಗೆ ಹೇಳಿದನೆಂದು ಅದೇ ಗಿಸ್‌ಬರೋದ ವಾಲ್ಟರ್ ಬರೆಯುತ್ತಾನೆ. ಪಡೆಯನ್ನು ಗೆಲುವಿಗೆ ಒಯ್ದವನಿಗೂ ಅದರ ಕೈಯನ್ನು ಪೂರ್ತಿಯಾಗಿ ಹಿಡಿಯಲಾಗಲಿಲ್ಲ. ಹೀಗೆ ಸುಡಿಸುವವನೂ ಕಾಯುವವನೂ ಒಬ್ಬನೇ ಆಗಿ ಕಾಣುವ ಕಡೆಯೇ ನನಗೆ ವಾಲೇಸ್ ಅತ್ಯಂತ ಜೀವಂತವಾಗಿ ತೋರುತ್ತಾನೆ.

ಇನ್ನು ಜಾನ್ ದೊರೆಯ ವಿಷಯ. 1298ರ ಮಾರ್ಚ್ 29ರಂದು ಟಾರ್ಫಿಕನ್‌ನಲ್ಲಿ ವಾಲೇಸ್ ಹೊರಡಿಸಿದ ದಾನಪತ್ರವೊಂದರ ಮೂಲಕ ಅಲೆಕ್ಸಾಂಡರ್ ಸ್ಕ್ರಿಮ್‌ಜರ್ ಎಂಬವನಿಗೆ ಡಂಡೀ ಕೋಟೆಯ ಅಧಿಕಾರ ದೊರೆಯಿತು. ಅದರಲ್ಲಿ ವಾಲೇಸ್ ತನ್ನನ್ನು ನೈಟ್ ಎಂದೂ, ಸ್ಕಾಟ್ಲೆಂಡ್ ರಾಜ್ಯದ ಪಾಲಕನೆಂದೂ, ಅದರ ಸೇನೆಗಳ ನಾಯಕನೆಂದೂ ಕರೆದುಕೊಳ್ಳುತ್ತಾನೆ. ಕೂಡಲೇ, ಇದೆಲ್ಲವೂ ಜಾನ್ ದೊರೆಯ ಹೆಸರಿನಲ್ಲಿ ಮತ್ತು ರಾಜ್ಯದ ಸಮುದಾಯದ ಸಮ್ಮತಿಯಿಂದ ಎಂದು ಸೇರಿಸುತ್ತಾನೆ. ಆಗ ಆ ದೊರೆ ಎಡ್ವರ್ಡ್‌ನ ಸೆರೆಯಾಳು. ಆತನನ್ನು ಹೀಗಳೆಯಲು ‘ಬರಿಯಂಗಿ’ ಎಂಬ ಅಡ್ಡಹೆಸರೂ ಹುಟ್ಟಿಕೊಂಡಿತ್ತು. ತಾನೇ ಗೆದ್ದ ನಾಡಿನಲ್ಲಿ, ಸೈನ್ಯ ತನ್ನ ಬೆನ್ನಿಗಿರುವಾಗ, ವಾಲೇಸ್ ಸಿಂಹಾಸನದ ಮೇಲೆ ಕಣ್ಣಿಡದೆ, ಅಪಮಾನಿತನಾದ ಗೈರುಹಾಜರಿ ದೊರೆಯ ಹಕ್ಕನ್ನು ಎತ್ತಿಹಿಡಿದ. ಆತನ ಹೋರಾಟ ಒಂದು ನ್ಯಾಯವಾದ ಸಂವಿಧಾನದ ವಾದದ ಮೇಲೆ ನಿಂತಿತ್ತು: ರಾಜ್ಯವೆಂಬುದು ದೊರೆ ಬಂಧನದಲ್ಲಿದ್ದಾಗಲೂ ಉಳಿಯುತ್ತದೆ, ಅದರ ಪರವಾಗಿ ಸಮುದಾಯ ಮಾತನಾಡಬಹುದು. ಬೇಲಿಯಲ್ ವೀರಗಾಥೆಗೆ ಒಗ್ಗುವ ದೊರೆಯಲ್ಲವಾದ್ದರಿಂದ ಕಥೆಗಾರರು ಆತನನ್ನು ಕೈಬಿಟ್ಟರು. ಆತನೊಡನೆ ವಾಲೇಸನ ರಾಜಕೀಯ ನಿಲುವೂ ಬಿದ್ದುಹೋಗಿ, ಯಾವ ಅರ್ಥವನ್ನೂ ತುಂಬಬಹುದಾದ ಸ್ವಾತಂತ್ರ್ಯವೆಂಬ ಕೂಗಷ್ಟೇ ಉಳಿಯಿತು.

ಪಾಲಕನ ಹುದ್ದೆ ಬಹಳ ದಿನ ಉಳಿಯಲಿಲ್ಲ. 25,000ಕ್ಕೂ ಹೆಚ್ಚು ಪದಾತಿಗಳೊಡನೆ ಬಂದ ಎಡ್ವರ್ಡ್, 1298ರ ಜುಲೈ 22ರಂದು ಫಾಲ್ಕರ್ಕ್‌ನಲ್ಲಿ ಸ್ಕಾಟರನ್ನು ಸೋಲಿಸಿದ. ಉದ್ದನೆಯ ಈಟಿಗಳನ್ನು ಹೊರಚಾಚಿ ವೃತ್ತಾಕಾರದಲ್ಲಿ ನಿಂತ ಪದಾತಿಗಳು ಕುದುರೆ ಸವಾರರನ್ನು ತಡೆದರಾದರೂ, ಕದಲಲಾಗದೆ ನಿಂತ ಅವರ ಮೇಲೆ ಬಾಣಗಳ ಮಳೆ ಸುರಿದಾಗ ಸಾಲುಗಳು ಒಡೆದವು. ವಾಲೇಸ್ ಪದವಿ ಬಿಟ್ಟ. ರಾಬರ್ಟ್ ಬ್ರೂಸ್ ಮತ್ತು ಜಾನ್ ಕಾಮಿನ್ ಜಂಟಿ ಪಾಲಕರಾದರು.

ಜನಪ್ರಿಯ ಕಥೆ ಫಾಲ್ಕರ್ಕ್‌ನಿಂದ ನೇರವಾಗಿ ನೇಣಿಗೆ ಜಿಗಿಯುತ್ತದೆ. ನಡುವಿನ ಏಳು ವರ್ಷಗಳಲ್ಲಿ ವಾಲೇಸ್ ಫ್ರಾನ್ಸಿಗೆ ಹೋದ. ಅಲ್ಲಿನ ದೊರೆ ನಾಲ್ಕನೇ ಫಿಲಿಪ್ 1300ರ ನವೆಂಬರ್ 7ರಂದು, ತನ್ನ ಪ್ರೀತಿಪಾತ್ರನಾದ ವಿಲಿಯಂ ವಾಲೇಸನು ಪೋಪರ ಬಳಿ ನಡೆಸಬೇಕಾದ ಕಾರ್ಯಕ್ಕೆ ನೆರವಾಗಿರಿ ಎಂದು ರೋಮ್‌ನಲ್ಲಿದ್ದ ತನ್ನ ಪ್ರತಿನಿಧಿಗಳಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಕತ್ತಿ ಕೈಗೆಟುಕದ ಕಡೆ ಆತ ಕಾಗದಪತ್ರದ ಹಾದಿ ಹಿಡಿದಿದ್ದ, ಪರದೇಶದ ಆಸ್ಥಾನಗಳಲ್ಲಿ ತನ್ನ ನಾಡಿನ ಮೊಕದ್ದಮೆ ನಡೆಸಿದ್ದ. 1304ರ ಹೊತ್ತಿಗೆ ಫ್ರಾನ್ಸ್ ಎಡ್ವರ್ಡ್‌ನೊಡನೆ ರಾಜಿಯಾಗಿತ್ತು, ಸ್ಕಾಟರ ಹಿರಿಯರಲ್ಲಿ ಹೆಚ್ಚಿನವರು ಷರತ್ತುಗಳ ಮೇಲೆ ಶರಣಾಗಿದ್ದರು. ವಾಲೇಸನಿಗೆ ಮಾತ್ರ ಷರತ್ತು ಇರಲಿಲ್ಲ. ದೇಶಭ್ರಷ್ಟರಾಗಬೇಕಿದ್ದ ಕೆಲವರಿಗೆ, ಆತನನ್ನು ಹಿಡಿದುಕೊಡಲು ಯಾರು ಹೆಚ್ಚು ಶ್ರಮಿಸುತ್ತಾರೋ ಅವರ ಶಿಕ್ಷೆ ಹಗುರವಾಗುವುದೆಂದು ಎಡ್ವರ್ಡ್ ಆಸೆ ತೋರಿಸಿದ್ದ.

1305ರ ಆಗಸ್ಟ್ ಆರಂಭದಲ್ಲಿ ಗ್ಲಾಸ್ಗೋ ಬಳಿ ವಾಲೇಸ್ ಸಿಕ್ಕಿಬಿದ್ದ. ಹಿಡಿಸಿದವನು ಡಂಬಾರ್ಟನ್ ಕೋಟೆಯ ಅಧಿಕಾರಿಯಾಗಿದ್ದ ಸ್ಕಾಟ್, ಜಾನ್ ಮೆಂಟೀತ್. ಆಗಸ್ಟ್ 23ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿ, ಅಣಕಕ್ಕೆಂದು ತಲೆಗೆ ಎಲೆಯ ಕಿರೀಟ ತೊಡಿಸಿ, ಒಂದೇ ದಿನದಲ್ಲಿ ವಿಚಾರಣೆ, ತೀರ್ಪು, ಶಿಕ್ಷೆ ಮೂರನ್ನೂ ಮುಗಿಸಿದರು. ಹೆಸೆಲ್‌ರಿಗ್‌ನ ಕೊಲೆಯಿಂದ ಮೊದಲಾಗಿ ಆರೋಪಗಳ ಪಟ್ಟಿ ಉದ್ದವಾಗಿತ್ತು. ರಾಜದ್ರೋಹದ ಆರೋಪಕ್ಕೆ ಆತ ಕೊಟ್ಟ ಉತ್ತರ, ತಾನೆಂದೂ ಇಂಗ್ಲೆಂಡಿನ ದೊರೆಗೆ ದ್ರೋಹಿಯಾಗಿರಲಿಲ್ಲ ಎಂಬುದಷ್ಟೇ. ನಿಷ್ಠೆಯೇ ಇಲ್ಲದ ಕಡೆ ದ್ರೋಹ ಹೇಗೆ ಸಾಧ್ಯ ಎಂಬ ಈ ವಾದ ಟಾರ್ಫಿಕನ್‌ನ ದಾನಪತ್ರದ ವಾದವೇ, ಈಗ ಸಾವಿನೆದುರು ನಿಂತು ಆಡಿದ್ದು. ಸ್ಮಿತ್‌ಫೀಲ್ಡ್‌ನಲ್ಲಿ ಆತನನ್ನು ಚಿತ್ರಹಿಂಸೆಯಿಂದ ಕೊಂದು, ತಲೆಯನ್ನು ಲಂಡನ್ ಸೇತುವೆಯ ಮೇಲೆ ನೆಟ್ಟರು, ದೇಹದ ನಾಲ್ಕು ಭಾಗಗಳನ್ನು ನ್ಯೂಕಾಸಲ್, ಬೆರಿಕ್, ಸ್ಟರ್ಲಿಂಗ್ ಮತ್ತು ಪರ್ತ್‌ಗೆ ಕಳುಹಿಸಿದರು.

ಅನಂತರದ ಮೌನವನ್ನು ದಂತಕಥೆ ಒಪ್ಪುವುದಿಲ್ಲ, ಆದರೆ ದಾಖಲೆಗಳಲ್ಲಿ ಅದು ಸ್ಪಷ್ಟವಾಗಿದೆ. ವಾಲೇಸ್ ಎತ್ತಿಹಿಡಿದದ್ದು ಬೇಲಿಯಲ್‌ನ ಹಕ್ಕು. 1306ರಲ್ಲಿ ಕಾಮಿನ್‌ನನ್ನು ಕೊಂದು ಸಿಂಹಾಸನವೇರಿದ ಬ್ರೂಸ್‌ಗೆ ಆ ನೆನಪು ಅನುಕೂಲವಾದದ್ದಾಗಿರಲಿಲ್ಲ. 1370ರ ದಶಕದಲ್ಲಿ ಜಾನ್ ಬಾರ್ಬರ್ ಬ್ರೂಸ್‌ನ ಕುರಿತು ಬರೆದ ಮಹಾಕಾವ್ಯದಲ್ಲಿ ವಾಲೇಸನ ಹೆಸರೇ ಬರುವುದಿಲ್ಲ. ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಘೋಷಣೆಯೆಂದು ಪ್ರಸಿದ್ಧವಾದ, 1320ರಲ್ಲಿ ಅರ್‌ಬ್ರೋತ್‌ನಿಂದ ಪೋಪರಿಗೆ ಕಳುಹಿಸಿದ ಪತ್ರವೂ, ನಮ್ಮಲ್ಲಿ ನೂರು ಮಂದಿ ಬದುಕಿರುವವರೆಗೂ ಇಂಗ್ಲಿಷರ ಆಳ್ವಿಕೆಗೆ ಮಣಿಯುವುದಿಲ್ಲ ಎನ್ನುವ ಆ ಪತ್ರವೂ, ವಾಲೇಸನನ್ನು ಸ್ಮರಿಸುವುದಿಲ್ಲ. ಅದನ್ನು ಕಳುಹಿಸಿದ ಗಣ್ಯರ ಹೆಸರುಗಳ ಸಾಲಿನಲ್ಲಿ ಮೆಂಟೀತ್ ಅರ್ಲ್‌ಗಿರಿಯ ಪಾಲಕನಾದ ಜಾನ್ ಮೆಂಟೀತ್‌ನ ಹೆಸರಿದೆ. ಹ್ಯಾರಿಯ ಕೇಳುಗರು ಶತಮಾನಗಳ ಕಾಲ ಶಪಿಸಿದ ಆ ಮನುಷ್ಯ, ಅಷ್ಟು ಹೊತ್ತಿಗೆ ಬ್ರೂಸ್‌ನ ಪಕ್ಷದಲ್ಲಿ ನಂಬುಗೆಯ ಹಿರಿಯನಾಗಿದ್ದ.